ಏರಿಯಾದಲ್ಲಿ ಡೆಂಗಿ, ಭೇದಿ, ಕಸ: ಯಾರನ್ನು ಹಿಡಿಯಬೇಕು, ಕೆಲಸ ಹೇಗೆ ಆಗುತ್ತದೆ?

"ನಮ್ಮ ಬೀದೀಲಿ ಸಾಲಾಗಿ ಡೆಂಗಿ ಬರ್ತಿದೆ, ಯಾರಿಗೆ ಫೋನ್ ಮಾಡ್ಬೇಕು?" ಮಳೆಗಾಲ ಶುರುವಾಯಿತು ಅಂದರೆ ಈ ಪ್ರಶ್ನೆ ಬಂದೇ ಬರುತ್ತದೆ. ಬೇಸಿಗೆಯಲ್ಲಿ ಡೆಂಗಿ ಬದಲು ಭೇದಿ ಇರುತ್ತದೆ, ಪ್ರಶ್ನೆ ಮಾತ್ರ ಅದೇ. ಒಂದು ಫೋನ್ ನಂಬರ್ ಕೊಟ್ಟರೆ ಮುಗಿಯುವ ವಿಷಯವಾಗಿದ್ದರೆ ಇಷ್ಟುದ್ದ ಬರೆಯಬೇಕಿರಲಿಲ್ಲ.

ಬೆಂಗಳೂರಿನಲ್ಲಿ ಕಾಯಿಲೆ ನೋಡಿಕೊಳ್ಳುವವರು ಒಬ್ಬರು, ಕಾಯಿಲೆ ಹುಟ್ಟುವ ಜಾಗ ನೋಡಿಕೊಳ್ಳುವವರು ಇನ್ನೊಬ್ಬರು. ಒಡೆದ ನೀರಿನ ಪೈಪು ಜಲಮಂಡಳಿಯದು. ಕಸ ಘನತ್ಯಾಜ್ಯ ಸಂಸ್ಥೆಯದು. ಅರ್ಧಕ್ಕೆ ನಿಂತ ಕಟ್ಟಡದ ನೆಲಮಾಳಿಗೆಯ ನೀರು ಅದರ ಮಾಲೀಕನದು. ಪಾಲಿಕೆಯ ಆರೋಗ್ಯಾಧಿಕಾರಿಗೆ ಇವರ ಮೇಲೆ ನೇರ ಅಧಿಕಾರ ಕಡಿಮೆ. ಅವರ ನಿಜವಾದ ಕೆಲಸ ಇವರನ್ನೆಲ್ಲ ಒಂದು ಮೇಜಿನ ಮುಂದೆ ಕೂರಿಸುವುದು. ಆ ಮೇಜಿಗೆ ಒಯ್ಯಲು ಅವರಿಗೆ ಕೈಯಲ್ಲಿ ಒಂದು ಕಾಗದ ಬೇಕು. ನಿಮ್ಮ ಸಿಟ್ಟು ಅಲ್ಲಿ ಉಪಯೋಗಕ್ಕೆ ಬರುವುದಿಲ್ಲ, ನೀವು ಮಾಡಿಕೊಟ್ಟ ಪಟ್ಟಿ ಬರುತ್ತದೆ. ಆ ಪಟ್ಟಿ ಮಾಡುವುದು, ಅದನ್ನು ಸರಿಯಾದ ಮೇಜಿಗೆ ತಲುಪಿಸುವುದು ಹೇಗೆ ಅಂತ ಇಲ್ಲಿದೆ.

ಬೇಕಾಗಿರುವುದು: ನಿಮ್ಮ ವಾರ್ಡ್‌ನ ಹೆಸರು, ಹತ್ತಿರದ ನಗರ ಪ್ರಾಥಮಿಕ ಆರೋಗ್ಯ ಕೇಂದ್ರದ ಹೆಸರು, ಒಂದು ನೋಟ್‌ಬುಕ್, ಟಾರ್ಚ್, ತಾರೀಕು ತೋರಿಸುವ ಫೋಟೊ ತೆಗೆಯುವ ಫೋನು. ಜೊತೆಗೆ ಇಬ್ಬರು ಮೂವರು ಜನ. ಒಬ್ಬರೇ ಹೋದರೆ "ಇವರದ್ದು ದಿನಾ ಇದೇ" ಅನ್ನಿಸಿಕೊಳ್ಳುತ್ತೀರಿ.

ಹಂತ 1: ನಿಮ್ಮ ಬೀದಿ ಯಾರ ವ್ಯಾಪ್ತಿಗೆ ಬರುತ್ತದೆ, ಮೊದಲು ಪತ್ತೆ ಮಾಡಿ

ಜನ ಜಾಸ್ತಿ ದಾರಿ ತಪ್ಪುವುದು ಇಲ್ಲೇ. 2025ರ ಸೆಪ್ಟೆಂಬರ್ 2ರಿಂದ ಬಿಬಿಎಂಪಿ ಇಲ್ಲ. ಅದರ ಜಾಗದಲ್ಲಿ ಗ್ರೇಟರ್ ಬೆಂಗಳೂರು ಪ್ರಾಧಿಕಾರ, ಅಂದರೆ ಜಿಬಿಎ ಇದೆ. ಅದರ ಕೆಳಗೆ ಕೇಂದ್ರ, ಉತ್ತರ, ದಕ್ಷಿಣ, ಪೂರ್ವ, ಪಶ್ಚಿಮ ಅಂತ ಐದು ನಗರ ಪಾಲಿಕೆಗಳಿವೆ. ವಾರ್ಡ್‌ಗಳ ಗಡಿಯೂ ಬದಲಾಗಿದೆ. ಹಳೇ ವಾರ್ಡ್ ನಂಬರ್ ಹಾಕಿ ಬರೆದ ಅರ್ಜಿ ಮೇಜಿನಿಂದ ಮೇಜಿಗೆ ತಿರುಗುತ್ತಾ ಕೂರುತ್ತದೆ. ಗೋಡೆಗಳ ಮೇಲೆ ಹಳೇ ಬೋರ್ಡ್ ಇನ್ನೂ ಇರಬಹುದು, ಅದನ್ನು ನಂಬಬೇಡಿ. ಹತ್ತಿರದ ಪಾಲಿಕೆ ಕಚೇರಿಗೆ ಹೋಗಿ, ಈಗಿನ ವಾರ್ಡ್ ಯಾವುದು, ಆರೋಗ್ಯಾಧಿಕಾರಿಯ ಈಗಿನ ಹುದ್ದೆಯ ಹೆಸರೇನು ಅಂತ ಕೇಳಿ ಬರೆದುಕೊಳ್ಳಿ.

ಊರಿನ ಅಂಚಿನಲ್ಲಿ ಇದ್ದೀರಾ? ಅಪಾರ್ಟ್‌ಮೆಂಟ್ ಎಷ್ಟೇ ಎತ್ತರ ಇರಲಿ, ಜಾಗ ಗ್ರಾಮ ಪಂಚಾಯಿತಿಯದೇ ಆಗಿರಬಹುದು. ಹಾಗಿದ್ದರೆ ನೀವು ಹೋಗಬೇಕಾದ್ದು ಪಂಚಾಯಿತಿಯ ಪಿಡಿಒ ಮತ್ತು ತಾಲ್ಲೂಕು ಆರೋಗ್ಯಾಧಿಕಾರಿ ಹತ್ತಿರ. ಅವರ ಮೇಲೆ ಜಿಲ್ಲಾ ಆರೋಗ್ಯಾಧಿಕಾರಿ ಇರುತ್ತಾರೆ. ಪಾಲಿಕೆಗೆ ಬರೆದು ಪ್ರಯೋಜನವಿಲ್ಲ.

ಆಸ್ಪತ್ರೆಗಳ ಕಥೆ ಇನ್ನೂ ಗೋಜಲು. ಎಲ್ಲವೂ "ಸರ್ಕಾರಿ ಆಸ್ಪತ್ರೆ"ಯೇ, ಆದರೆ ಯಜಮಾನರು ಬೇರೆ ಬೇರೆ. ಮಲ್ಲೇಶ್ವರದ ಕೆ.ಸಿ. ಜನರಲ್, ಜಯನಗರ ಜನರಲ್, ಸಿ.ವಿ. ರಾಮನ್ ಆಸ್ಪತ್ರೆಗಳು ರಾಜ್ಯ ಆರೋಗ್ಯ ಇಲಾಖೆಯವು. ವಿಕ್ಟೋರಿಯಾ, ಬೌರಿಂಗ್ ವೈದ್ಯಕೀಯ ಕಾಲೇಜಿಗೆ ಸೇರಿದವು, ಅಂದರೆ ವೈದ್ಯಕೀಯ ಶಿಕ್ಷಣ ಇಲಾಖೆ. ನಿಮ್ಹಾನ್ಸ್ ಕೇಂದ್ರ ಸರ್ಕಾರದ ಸಂಸ್ಥೆ. ಬಡಾವಣೆಯ ಹೆರಿಗೆ ಆಸ್ಪತ್ರೆ, ರೆಫರಲ್ ಆಸ್ಪತ್ರೆಗಳನ್ನು ಮೊದಲಿಂದ ನಡೆಸಿಕೊಂಡು ಬಂದದ್ದು ಪಾಲಿಕೆ. ದೂರು ಕೊಡುವ ಮುಂಚೆ ಗೇಟಿನ ಬೋರ್ಡಿನಲ್ಲಿ ಯಾವ ಇಲಾಖೆ ಅಂತ ಬರೆದಿದೆ ನೋಡಿ. ಈ ಒಂದು ನಿಮಿಷದ ಕೆಲಸ ನಿಮಗೆ ತಿಂಗಳು ಉಳಿಸುತ್ತದೆ.

ಹಂತ 2: ಸರಪಳಿ ಕೆಳಗಿನಿಂದ ಹಿಡಿಯಿರಿ

ಕಮಿಷನರ್‌ಗೆ ಟ್ಯಾಗ್ ಮಾಡುವುದು ಸುಲಭ. ಆದರೆ ಅದು ಕೊನೆಗೆ ಇಳಿದು ಬರುವುದು ನಿಮ್ಮ ಬೀದಿಯ ಆಶಾ ಕಾರ್ಯಕರ್ತೆಯ ಹತ್ತಿರವೇ. ಅಲ್ಲಿಂದಲೇ ಶುರು ಮಾಡಿ.

ಆಶಾ ಕಾರ್ಯಕರ್ತೆ: ನಗರದಲ್ಲಿ ಸುಮಾರು 1,000ದಿಂದ 2,500 ಜನರಿಗೆ ಒಬ್ಬರು ಅಂತ ಲೆಕ್ಕ. ಇವರಿಗೆ ಸಂಬಳವಿಲ್ಲ, ಗೌರವಧನ ಮತ್ತು ಮಾಡಿದ ಕೆಲಸಕ್ಕೆ ತಕ್ಕ ಪ್ರೋತ್ಸಾಹಧನ ಅಷ್ಟೇ. ಯಾವ ಮನೆಯಲ್ಲಿ ಜ್ವರ, ಯಾವ ಮನೆಯಲ್ಲಿ ಬಾಣಂತಿ ಅನ್ನೋದು ಇಡೀ ವ್ಯವಸ್ಥೆಯಲ್ಲಿ ಮೊದಲು ಗೊತ್ತಾಗುವುದು ಇವರಿಗೆ. ಗೇಟಿನಲ್ಲೇ ನಿಲ್ಲಿಸಿ ವಾಪಸ್ ಕಳಿಸುವ ಅಪಾರ್ಟ್‌ಮೆಂಟ್‌ಗಳು ಆಮೇಲೆ "ಯಾರೂ ಬರಲಿಲ್ಲ" ಅನ್ನುವುದು ನ್ಯಾಯವಲ್ಲ.

ಎಎನ್‌ಎಂ: ಕಿರಿಯ ಆರೋಗ್ಯ ಸಹಾಯಕಿ. ಲಸಿಕೆ, ಗರ್ಭಿಣಿಯರ ಆರೈಕೆ ಇವರ ಜವಾಬ್ದಾರಿ.

ವೈದ್ಯಾಧಿಕಾರಿ: ನಗರ ಪ್ರಾಥಮಿಕ ಆರೋಗ್ಯ ಕೇಂದ್ರದ ಡಾಕ್ಟರ್. ಇಂಥ ಕೇಂದ್ರ ಸುಮಾರು 50,000 ಜನಕ್ಕೆ ಒಂದು. ಇದಕ್ಕಿಂತ ಚಿಕ್ಕದು "ನಮ್ಮ ಕ್ಲಿನಿಕ್" ಅನ್ನುವ ಹೆಸರಿನ ಸರ್ಕಾರಿ ಚಿಕಿತ್ಸಾಲಯ. ಬೆಂಗಳೂರಿನಲ್ಲಿ ಇವು 2023ರಲ್ಲಿ ದೊಡ್ಡ ಸಂಖ್ಯೆಯಲ್ಲಿ ಬಂದವು.

ಹೆಲ್ತ್ ಇನ್‌ಸ್ಪೆಕ್ಟರ್: ಹೋಟೆಲ್, ಖಾಲಿ ಸೈಟು, ಕಟ್ಟಡ ಕೆಲಸದ ಜಾಗಕ್ಕೆ ಹೋಗಿ ನೋಟಿಸ್ ಕೊಡುವವರು. ನಿಮ್ಮ ಮಟ್ಟಿಗೆ ಜಾಸ್ತಿ ಉಪಯೋಗಕ್ಕೆ ಬರುವ ಮನುಷ್ಯ ಇವರೇ.

ಆರೋಗ್ಯ ವೈದ್ಯಾಧಿಕಾರಿ: ಕಚೇರಿಯಲ್ಲಿ ಎಲ್ಲರೂ ಎಂಒಎಚ್ ಅನ್ನುತ್ತಾರೆ. ಮೇಲೆ ಹೇಳಿದ ಕೆಲಸಗಳೆಲ್ಲ ಬಂದು ಸೇರುವುದು ಇವರ ಮೇಜಿಗೆ. ಬೇರೆ ಇಲಾಖೆಗಳ ಎಂಜಿನಿಯರ್‌ಗಳಿಗೆ ಪತ್ರ ಬರೆಯುವವರೂ ಇವರೇ. ಇವರ ಮೇಲೆ ಪಾಲಿಕೆಯ ಮುಖ್ಯ ಆರೋಗ್ಯಾಧಿಕಾರಿ.

ಇನ್ನೊಂದು ಗುಂಪು ಇದೆ, ಹೆಚ್ಚಿನವರಿಗೆ ಹೆಸರೇ ಗೊತ್ತಿಲ್ಲ: ಮಹಿಳಾ ಆರೋಗ್ಯ ಸಮಿತಿ. 2013ರಲ್ಲಿ ಶುರುವಾದ ರಾಷ್ಟ್ರೀಯ ನಗರ ಆರೋಗ್ಯ ಅಭಿಯಾನದಲ್ಲಿ ಕೊಳೆಗೇರಿಗಳಿಗೆ ಅಂತ ಮಾಡಿದ್ದು. 50ರಿಂದ 100 ಮನೆಗೆ ಒಂದು ಸಮಿತಿ. ಸ್ವಚ್ಛತೆ, ತುರ್ತು ಖರ್ಚಿಗೆ ಅಂತ ವರ್ಷಕ್ಕೆ 5,000 ರೂಪಾಯಿ ಅನುದಾನದ ಅವಕಾಶವಿದೆ. ದುಡ್ಡು ಚಿಕ್ಕದು. ಆದರೆ ಆ ಹೆಂಗಸರು ವಠಾರದ ಒಳಗೆ ಹೋಗಿ ಡ್ರಮ್ಮಿನ ಮುಚ್ಚಳ ತೆಗೆಸಿ ನೋಡಬಲ್ಲರು, ಅದು ಬಡಾವಣೆಯ ನಿವಾಸಿಗಳ ಸಂಘದ ಅಧ್ಯಕ್ಷರಿಂದ ಆಗದ ಕೆಲಸ. ನಿಮ್ಮ ಪಕ್ಕದ ಕಾಲೊನಿಯಲ್ಲಿ ಇಂಥ ಸಮಿತಿ ಇದೆಯಾ ಅಂತ ಆಶಾ ಅವರನ್ನು ಕೇಳಿ.

ಹಂತ 3: ಪಟ್ಟಿ ಮಾಡಿ. ಇದೇ ಮುಖ್ಯ, ಇಲ್ಲಿ ಅವಸರ ಬೇಡ

ಡೆಂಗಿಯನ್ನೇ ಉದಾಹರಣೆಗೆ ತೆಗೆದುಕೊಳ್ಳೋಣ. ಡೆಂಗಿ ಹರಡುವ ಈಡಿಸ್ ಸೊಳ್ಳೆ ಹಗಲಲ್ಲಿ ಕಚ್ಚುತ್ತದೆ, ನಿಂತ ತಿಳಿನೀರಿನಲ್ಲಿ ಮೊಟ್ಟೆ ಇಡುತ್ತದೆ. ಮೊಟ್ಟೆ ಸೊಳ್ಳೆಯಾಗಲು ಸುಮಾರು ಒಂದು ವಾರದಿಂದ ಹತ್ತು ದಿನ ಸಾಕು. ಬಹಳ ದೂರ ಹಾರುವ ಜಾತಿಯಲ್ಲ. ಅಂದರೆ ನಿಮಗೆ ಕಚ್ಚಿದ ಸೊಳ್ಳೆ ಬಹುಮಟ್ಟಿಗೆ ನಿಮ್ಮ ಬೀದಿಯದ್ದೇ. ಎದುರಿನ ರಾಜಕಾಲುವೆಗೆ ಬೈದು ಪ್ರಯೋಜನ ಕಡಿಮೆ, ಕೊಳಚೆಯಲ್ಲಿ ಬೆಳೆಯುವುದು ಬೇರೆ ಸೊಳ್ಳೆ.

ಒಂದು ಬೆಳಿಗ್ಗೆ ಬೀದಿಯ ಎರಡೂ ಬದಿ ನಡೆಯಿರಿ. ಸಾಧ್ಯವಾದರೆ ಆಶಾ ಕಾರ್ಯಕರ್ತೆ ಜೊತೆಗಿರಲಿ, ಅವರಿದ್ದರೆ ಬಾಗಿಲು ತೆಗೆಯುತ್ತಾರೆ. ಪ್ರತಿ ಮನೆಯಲ್ಲಿ ನೋಡಬೇಕಾದ್ದು: ಸಂಪಿನ ಮುಚ್ಚಳದ ಸಂದು, ಸಿಂಟೆಕ್ಸ್ ಟ್ಯಾಂಕಿನ ಮುಚ್ಚಳ, ಬಚ್ಚಲಿನ ಡ್ರಮ್ಮು, ಹೂಕುಂಡದ ತಟ್ಟೆ, ಫ್ರಿಜ್ ಹಿಂದಿನ ಟ್ರೇ, ತಾರಸಿ ಮೇಲೆ ಬಿದ್ದ ತೆಂಗಿನ ಚಿಪ್ಪು, ಹಳೇ ಟೈರು, ಕಾರಿಗೆ ಹೊದಿಸಿದ ಟಾರ್ಪಾಲಿನ ಗುಂಡಿ. ನೀರಿನ ಮೇಲೆ ಟಾರ್ಚ್ ಬಿಡಿ. ಬೆಳಕು ಬಿದ್ದ ಕೂಡಲೇ ದಾರದ ತುಂಡಿನಂಥ ಹುಳು ನುಲಿಯುತ್ತಾ ಕೆಳಗೆ ಇಳಿದರೆ ಅದೇ ಲಾರ್ವಾ, ಅಂದರೆ ಸೊಳ್ಳೆಮರಿ. ತಾರಸಿಯನ್ನು ಬಿಡಬೇಡಿ. ಕೆಳಗಡೆ ಗುಡಿಸಿ ರಂಗೋಲಿ ಹಾಕಿ ಚೆನ್ನಾಗಿಟ್ಟ ಮನೆಗಳಲ್ಲೂ ಮೇಲೆ ಮರಿ ಸಿಗುವುದು ಸಾಮಾನ್ಯ.

ಬರೆದುಕೊಳ್ಳಬೇಕಾದ್ದು ಮೂರೇ ಅಂಕಿ: ನೋಡಿದ ಮನೆ ಎಷ್ಟು, ಮರಿ ಸಿಕ್ಕ ಮನೆ ಎಷ್ಟು, ಮರಿ ಸಿಕ್ಕ ಪಾತ್ರೆ ಎಷ್ಟು. ನೂರು ಮನೆ ನೋಡಿದರೆ ಎಷ್ಟು ಮನೆಯಲ್ಲಿ ಮರಿ ಇದೆ ಅನ್ನುವುದನ್ನು ಹೌಸ್ ಇಂಡೆಕ್ಸ್ ಅನ್ನುತ್ತಾರೆ. ನೂರು ಮನೆಗೆ ಎಷ್ಟು ಪಾತ್ರೆಯಲ್ಲಿ ಮರಿ ಇದೆ ಅನ್ನುವುದು ಬ್ರಿಟೊ ಇಂಡೆಕ್ಸ್. ಆರೋಗ್ಯ ಇಲಾಖೆ ಮಾತಾಡುವುದು ಇದೇ ಲೆಕ್ಕದಲ್ಲಿ. "ತುಂಬಾ ಸೊಳ್ಳೆ ಸಾರ್" ಅಂದರೆ ತಲೆಯಾಡಿಸುತ್ತಾರೆ. "ಎರಡನೇ ಅಡ್ಡರಸ್ತೆಯಲ್ಲಿ 60 ಮನೆ ನೋಡಿದೆವು, 9ರಲ್ಲಿ ಮರಿ ಸಿಕ್ಕಿತು" ಅಂದರೆ ಪೆನ್ನು ತೆಗೆಯುತ್ತಾರೆ.

ಭೇದಿ ಅಥವಾ ಕಾಮಾಲೆ ಸಮಸ್ಯೆಯಾದರೆ ಪಟ್ಟಿ ಬೇರೆ. ಕಾಯಿಲೆ ಬಂದ ಮನೆಗೆ ನೀರು ಎಲ್ಲಿಂದ ಬರುತ್ತದೆ: ಕಾವೇರಿ, ಬೋರ್‌ವೆಲ್, ಟ್ಯಾಂಕರ್, ಕ್ಯಾನು? ಕಾಯಿಲೆ ಶುರುವಾದ ದಿನ ಯಾವುದು? ಆ ಮುಂಚಿನ ವಾರ ರಸ್ತೆ ಅಗೆದಿದ್ದರಾ? ಕಾವೇರಿ ನಲ್ಲಿ ನೀರಿಗೆ ಓಟಿ ಪರೀಕ್ಷೆ ಮಾಡಿಸಿ. ನೀರಿಗೆ ಕೆಲವು ಹನಿ ದ್ರಾವಣ ಹಾಕಿ ಹಳದಿ ಬಣ್ಣ ಬರುತ್ತದಾ ನೋಡುವ ಪರೀಕ್ಷೆ ಅದು. ಬಂದರೆ ಕ್ಲೋರಿನ್ ಇದೆ ಅಂತ ಅರ್ಥ. ಮನೆಯ ನಲ್ಲಿಯಲ್ಲಿ ಲೀಟರಿಗೆ ಕನಿಷ್ಠ 0.2 ಮಿಲಿಗ್ರಾಂ ಉಳಿದಿರಬೇಕು. ಬಣ್ಣ ಬರದಿದ್ದರೆ ದಾರಿಯಲ್ಲಿ ಎಲ್ಲೋ ಕೊಳಚೆ ಸೇರಿರುವ ಅನುಮಾನ ಬಲವಾಗುತ್ತದೆ. ಸಂಪಿನ ನೀರಿನಲ್ಲಿ ಪರೀಕ್ಷೆ ಮಾಡಿದರೆ ಲೆಕ್ಕಕ್ಕೆ ಬರುವುದಿಲ್ಲ. ಪೈಪಿನಿಂದ ನೇರವಾಗಿ ಹಿಡಿಯಬೇಕು.

ಎಚ್ಚರಿಕೆ: ರೋಗಿಗಳ ಹೆಸರು, ರಿಪೋರ್ಟ್‌ಗಳನ್ನು ವಾಟ್ಸ್ಆ್ಯಪ್ ಗುಂಪಿಗೆ ಹಾಕಬೇಡಿ. ಮನೆ ನಂಬರ್ ಇರುವ ಪಟ್ಟಿ ಆರೋಗ್ಯ ಕೇಂದ್ರಕ್ಕೆ ಮಾತ್ರ ಹೋಗಲಿ. ಕ್ಷಯ ಇರುವವರ ವಿಷಯದಲ್ಲಂತೂ ಒಂದು ಫಾರ್ವರ್ಡ್ ಸಾಕು, ಬಾಡಿಗೆ ಮನೆ ಖಾಲಿ ಮಾಡಿಸಿಬಿಡುತ್ತಾರೆ.

ಹಂತ 4: ನಿಮ್ಮ ಕೇಸು ಸರ್ಕಾರದ ಲೆಕ್ಕಕ್ಕೆ ಬಂದಿದೆಯಾ?

"ನಮ್ಮಲ್ಲಿ ಅಷ್ಟು ಜನಕ್ಕೆ ಜ್ವರ, ಅವರ ಲೆಕ್ಕದಲ್ಲಿ ಎರಡೇ" ಅನ್ನುವ ದೂರು ಮಾಮೂಲು. ಮುಚ್ಚಿಡುತ್ತಿದ್ದಾರೆ ಅಂತ ತೀರ್ಮಾನಿಸುವ ಮುಂಚೆ ಲೆಕ್ಕ ಹೇಗೆ ಹುಟ್ಟುತ್ತದೆ ತಿಳಿದುಕೊಳ್ಳಿ.

ರೋಗಗಳ ಮೇಲೆ ಕಣ್ಣಿಡುವ ರಾಷ್ಟ್ರೀಯ ವ್ಯವಸ್ಥೆ 2004ರಿಂದ ಇದೆ. ಅದಕ್ಕೆ ಮಾಹಿತಿ ಮೂರು ಫಾರಂಗಳಲ್ಲಿ ಹೋಗುತ್ತದೆ. ಆರೋಗ್ಯ ಕಾರ್ಯಕರ್ತೆಗೆ ಅನುಮಾನ ಬಂದರೆ ಎಸ್ ಫಾರಂ, ಡಾಕ್ಟರ್ ನೋಡಿ ಇರಬಹುದು ಅಂದರೆ ಪಿ ಫಾರಂ, ಲ್ಯಾಬ್ ಖಚಿತಪಡಿಸಿದರೆ ಎಲ್ ಫಾರಂ. ಈಗ ಇದೆಲ್ಲ ಆನ್‌ಲೈನ್. ಡೆಂಗಿಯಲ್ಲಿ "ಖಚಿತ" ಅನ್ನಿಸಿಕೊಳ್ಳಲು ಎಲೈಸಾ ಅನ್ನುವ ಲ್ಯಾಬಿನ ರಕ್ತಪರೀಕ್ಷೆ ಬೇಕು. ಜ್ವರ ಬಂದ ಮೊದಲ ಐದು ದಿನದೊಳಗೆ ವೈರಸ್ಸಿನ ಅಂಶವನ್ನೇ ಹುಡುಕುವ ಎನ್‌ಎಸ್1, ಆಮೇಲಾದರೆ ಅದರ ವಿರುದ್ಧ ದೇಹ ಮಾಡಿಕೊಂಡ ಪ್ರತಿಕಾಯ ಹುಡುಕುವ ಐಜಿಎಂ. ಬೀದಿ ಲ್ಯಾಬಿನಲ್ಲಿ ಹತ್ತಿಪ್ಪತ್ತು ನಿಮಿಷದಲ್ಲಿ ಮಾಡುವ ಕಾರ್ಡ್ ಟೆಸ್ಟ್ ಈ ಲೆಕ್ಕಕ್ಕೆ ಖಚಿತ ಅಲ್ಲ. ಅದೂ ಅಲ್ಲದೆ ಆಸ್ಪತ್ರೆಯಲ್ಲಿ ಊರಿನ ವಿಳಾಸ ಕೊಡುವವರು, ಆಧಾರ್‌ನಲ್ಲಿರುವ ಹಳೇ ಮನೆಯ ವಿಳಾಸ ಕೊಡುವವರು ಬಹಳ. ಆಗ ಆ ಕೇಸು ಹಾಸನಕ್ಕೋ ರಾಯಚೂರಿಗೋ ಹೋಗುತ್ತದೆ, ನಿಮ್ಮ ಬೀದಿಗೆ ಯಾರೂ ಬರುವುದಿಲ್ಲ.

ಮಾಡಬೇಕಾದ್ದು: ಆಸ್ಪತ್ರೆಯಲ್ಲಿ ಈಗ ವಾಸವಿರುವ ವಿಳಾಸ, ಅಡ್ಡರಸ್ತೆ, ವಾರ್ಡ್ ಸಮೇತ ಬರೆಸಿ. ಪಿಜಿ ಹುಡುಗರಿಗೆ ಇದನ್ನು ವಿಶೇಷವಾಗಿ ಹೇಳಿ. ಖಾಸಗಿ ಕ್ಲಿನಿಕ್‌ನಲ್ಲಿ ಪಾಸಿಟಿವ್ ಬಂದವರ ರಿಪೋರ್ಟ್‌ನ ಪ್ರತಿ, ಅವರ ಒಪ್ಪಿಗೆ ಪಡೆದು, ಆರೋಗ್ಯ ಕೇಂದ್ರಕ್ಕೆ ಮುಟ್ಟಿಸಿ.

ಹಂತ 5: ಒಂದು ಪುಟದ ಅರ್ಜಿ, ಒಂದು ನಂಬರು

ಅರ್ಜಿ ಎಂಒಎಚ್ ಹೆಸರಿಗೆ ಇರಲಿ. ಒಂದೇ ಪುಟ. ಮೊದಲ ಪ್ಯಾರಾದಲ್ಲಿ ಜಾಗ ಮತ್ತು ಅಂಕಿ. ಎರಡನೆಯದರಲ್ಲಿ ಕಾರಣಗಳು, ಪ್ರತಿಯೊಂದರ ಮುಂದೆ ಸಂಬಂಧಪಟ್ಟ ಇಲಾಖೆ. ಮೂರನೆಯದರಲ್ಲಿ ನೀವು ಕೇಳುವುದು. ಹೀಗೆ:

"ಎರಡನೇ ಅಡ್ಡರಸ್ತೆಯ ಖಾಲಿ ಸೈಟಿನಲ್ಲಿ ನಿಂತ ನೀರು: ಮಾಲೀಕರಿಗೆ ನೋಟಿಸ್. ಮೂಲೆಯ ಕಟ್ಟಡದ ನೆಲಮಾಳಿಗೆ: ಲಾರ್ವಾನಾಶಕ ಹಾಕಿಸಿ, ದಂಡ ವಿಧಿಸಬೇಕು. ನಾಲ್ಕನೇ ಅಡ್ಡರಸ್ತೆಯ ಪೈಪ್ ಸೋರಿಕೆ: ಜಲಮಂಡಳಿಗೆ ತಮ್ಮ ಕಚೇರಿಯಿಂದ ಪತ್ರ. ಎಲ್ಲರ ಜಂಟಿ ಪರಿಶೀಲನೆಗೆ ಒಂದು ದಿನ ಗೊತ್ತು ಮಾಡಬೇಕೆಂದು ಕೋರಿಕೆ."

ಕೊನೆಯ ಸಾಲೇ ಅರ್ಜಿಯ ಜೀವ. ಅದನ್ನು ಬಿಡಬೇಡಿ.

ಅರ್ಜಿಯನ್ನು ಟಪಾಲು ವಿಭಾಗದಲ್ಲಿ ಕೊಟ್ಟು, ನಿಮ್ಮ ಪ್ರತಿಯ ಮೇಲೆ ಸೀಲು ಮತ್ತು ಇನ್‌ವರ್ಡ್ ನಂಬರ್ ಹಾಕಿಸಿಕೊಳ್ಳಿ. ನಂಬರಿಲ್ಲದ ಅರ್ಜಿ ಸರ್ಕಾರದ ಮಟ್ಟಿಗೆ ಹುಟ್ಟೇ ಇಲ್ಲ. "ಸಾಹೇಬ್ರಿಗೆ ಕೈಯಲ್ಲೇ ಕೊಟ್ಟೆ" ಅನ್ನುವವರು ಆಮೇಲೆ ಪೇಚಾಡುತ್ತಾರೆ. ಫೋನ್ ದೂರಿನ ನಂಬರನ್ನೂ ಅರ್ಜಿಯಲ್ಲಿ ಬರೆಯಿರಿ: ಪಾಲಿಕೆಗೆ 1533, ಜಲಮಂಡಳಿಗೆ 1916. ಆರೋಗ್ಯ ಸಲಹೆಗೆ 104, ಆಂಬುಲೆನ್ಸ್‌ಗೆ 108.

ಕೇಳಬಾರದ್ದು ಒಂದಿದೆ: ಬರೀ ಫಾಗಿಂಗ್. ಹೊಗೆ ಹೊಡೆದರೆ ಹಾರಾಡುವ ಸೊಳ್ಳೆ ಸಾಯುತ್ತದೆ, ನೀರಿನಲ್ಲಿರುವ ಮರಿಗೆ ಏನೂ ಆಗುವುದಿಲ್ಲ. ವಾರದಲ್ಲಿ ಹೊಸ ಬ್ಯಾಚು ತಯಾರು. ಕೇಸುಗಳು ಗುಂಪಾಗಿ ಬಂದಾಗ ಫಾಗಿಂಗ್‌ಗೆ ಜಾಗವಿದೆ, ಇಲ್ಲವೆನ್ನುತ್ತಿಲ್ಲ. ಆದರೆ ಸದ್ದು, ಹೊಗೆ ಎಲ್ಲರಿಗೂ ಕಾಣುವುದರಿಂದ ರಾಜಕಾರಣಿಗೂ ಅದೇ ಇಷ್ಟ, ನಮಗೂ ಅದೇ ಇಷ್ಟ. ಅಷ್ಟಕ್ಕೇ ತೃಪ್ತಿಪಟ್ಟರೆ ಅರ್ಜಿ ಅಲ್ಲಿಗೆ ಮುಗಿಯಿತು.

ಹಂತ 6: ಜಂಟಿ ಪರಿಶೀಲನೆ

ಹೆಲ್ತ್ ಇನ್‌ಸ್ಪೆಕ್ಟರ್, ಜಲಮಂಡಳಿಯ ಎಂಜಿನಿಯರ್, ಕಸದ ಮೇಲ್ವಿಚಾರಕರು, ನೀವು ಒಂದೇ ಹೊತ್ತಿಗೆ ಒಂದೇ ಜಾಗದಲ್ಲಿ ನಿಲ್ಲುವುದಕ್ಕೆ ಈ ಹೆಸರು. ಕಚೇರಿಯಲ್ಲಿ ತಿಂಗಳುಗಟ್ಟಲೆ "ಅದು ಅವರದ್ದು" ಅಂದುಕೊಂಡಿದ್ದ ಮೋರಿಯ ಮುಂದೆ ಇಬ್ಬರೂ ನಿಂತಾಗ ಹಾಗೆ ಹೇಳುವುದು ಕಷ್ಟ, ಅಲ್ವಾ?

ಗುಂಪು ಕಟ್ಟಿಕೊಂಡು ಕೂಗಾಡಬೇಡಿ. ಪಟ್ಟಿಯಲ್ಲಿರುವ ಜಾಗಗಳನ್ನು ಕ್ರಮವಾಗಿ ತೋರಿಸಿ. ಯಾವ ಕೆಲಸ, ಯಾರು, ಎಷ್ಟನೇ ತಾರೀಕಿನೊಳಗೆ ಅಂತ ಅಲ್ಲೇ ಬರೆದು ಓದಿ ಹೇಳಿ. ಸಂಜೆ ಅದನ್ನೇ ನಡಾವಳಿಯಾಗಿ, ಅಂದರೆ ಸಭೆಯಲ್ಲಿ ಏನಾಯಿತು ಅನ್ನುವ ದಾಖಲೆಯಾಗಿ, ಎಂಒಎಚ್ ಕಚೇರಿಗೆ ಇಮೇಲ್ ಮಾಡಿ. ವಾರ್ಡ್ ಸಮಿತಿ ಸಭೆ ನಡೆಯುತ್ತಿದ್ದರೆ ಅಲ್ಲೂ ದಾಖಲಿಸಿ.

ನಾಯಿ ಕಾಟವನ್ನು ಇದೇ ನಡಿಗೆಗೆ ಸೇರಿಸಬೇಡಿ. ಅದು ಪಾಲಿಕೆಯ ಪಶುಪಾಲನಾ ವಿಭಾಗದ ಕೆಲಸ, ಅಧಿಕಾರಿಗಳೇ ಬೇರೆ. ನಾಯಿ ಕಚ್ಚಿದವರಿಗೆ ಲಸಿಕೆ ಮಾತ್ರ ಆಸ್ಪತ್ರೆಯ ವಿಷಯ.

ಹಂತ 7: ನಿಮ್ಮ ಪಾಲಿನದ್ದು

ಅಧಿಕಾರಿ ಬಂದಾಗ ಸಂಘದ ಅಧ್ಯಕ್ಷರ ಮನೆಯ ಹೂಕುಂಡದಲ್ಲೇ ಮರಿ ಸಿಕ್ಕರೆ ಮಾತು ಅಲ್ಲಿಗೇ ನಿಲ್ಲುತ್ತದೆ. ವಾರದಲ್ಲಿ ಒಂದು ದಿನ ಗೊತ್ತು ಮಾಡಿ, ಎಲ್ಲ ಮನೆಯಲ್ಲೂ ಡ್ರಮ್ಮು, ತಟ್ಟೆ ಖಾಲಿ ಮಾಡಿ ಒಳಗಡೆ ಉಜ್ಜಿ ಒಣಗಿಸಬೇಕು. ಉಜ್ಜುವುದು ಮುಖ್ಯ. ಈಡಿಸ್ ಮೊಟ್ಟೆ ಪಾತ್ರೆಯ ಗೋಡೆಗೆ ಅಂಟಿಕೊಂಡು ನೀರಿಲ್ಲದೆಯೂ ತಿಂಗಳುಗಟ್ಟಲೆ ಉಳಿಯುತ್ತದೆ. ಸುಮ್ನೆ ನೀರು ಚೆಲ್ಲಿ ಮತ್ತೆ ತುಂಬಿದರೆ ಮೊಟ್ಟೆಗೆ ಉಪಕಾರ ಮಾಡಿದ ಹಾಗೆ.

ನೀರು ದಿನಾ ಬರದ ಕಡೆ ಜನ ಡ್ರಮ್ಮಿನಲ್ಲಿ ಹಿಡಿದಿಡುತ್ತಾರೆ. ಅವರಿಗೆ ಖಾಲಿ ಮಾಡಿ ಅಂದರೆ ಬೈದೇ ಕಳಿಸುತ್ತಾರೆ, ಅದು ಸರಿಯೂ ಹೌದು. ಹಳೇ ಪಂಚೆಯನ್ನು ಬಾಯಿಗೆ ಬಿಗಿಯಾಗಿ ಕಟ್ಟಲು ಹೇಳಿ. ಕರಪತ್ರ ಕನ್ನಡದಲ್ಲಿ ಇರಲೇಬೇಕು, ಜೊತೆಗೆ ನಿಮ್ಮ ಬೀದಿಯ ಜನ ಆಡುವ ತಮಿಳು, ತೆಲುಗು, ಉರ್ದು, ಹಿಂದಿಯೂ ಇರಲಿ. ಕಟ್ಟಡ ಕಾರ್ಮಿಕರ ಶೆಡ್ಡಿಗೆ ಕಾಗದಕ್ಕಿಂತ ಅವರ ಭಾಷೆ ಬರುವ ಒಬ್ಬರು ಹೋಗುವುದು ಒಳ್ಳೆಯದು.

ಹಂತ 8: ಕೆಲಸ ಆಗದಿದ್ದರೆ

ಮೊದಲು ಇರುವ ಕಾನೂನನ್ನು ನೆನಪಿಸಿ. 2024ರಲ್ಲಿ ರಾಜ್ಯ ಸರ್ಕಾರ ಡೆಂಗಿಯನ್ನು ಸಾಂಕ್ರಾಮಿಕ ರೋಗ ಅಂತ ಘೋಷಿಸಿ, ಸೊಳ್ಳೆ ಬೆಳೆಯಲು ಬಿಟ್ಟವರಿಗೆ ದಂಡ ಗೊತ್ತು ಮಾಡಿತು. ನಗರದಲ್ಲಿ ಮನೆಗೆ 400 ರೂಪಾಯಿ, ವಾಣಿಜ್ಯ ಜಾಗಕ್ಕೆ 1,000, ಕಟ್ಟಡ ಕೆಲಸದ ಜಾಗ ಮತ್ತು ಖಾಲಿ ಸೈಟಿಗೆ 2,000. ದೊಡ್ಡ ಬಿಲ್ಡರ್‌ಗೆ 2,000 ಒಂದು ಲೆಕ್ಕವೇ ಅಲ್ಲ ಅನ್ನುವುದು ನಿಜ. ಆದರೆ ನೋಟಿಸ್ ದಾಖಲೆಯಲ್ಲಿ ಉಳಿಯುತ್ತದೆ.

ಮುಂದಿನ ಹೆಜ್ಜೆ ಪಾಲಿಕೆಯ ಮುಖ್ಯ ಆರೋಗ್ಯಾಧಿಕಾರಿ, ಆಮೇಲೆ ಆಯುಕ್ತರು. ಪ್ರತಿ ಸಲವೂ ಹಳೇ ಇನ್‌ವರ್ಡ್ ನಂಬರ್ ಉಲ್ಲೇಖಿಸಿ.

ಅದಕ್ಕೂ ಮಣಿಯದಿದ್ದರೆ ಮಾಹಿತಿ ಹಕ್ಕು. ಶುಲ್ಕ 10 ರೂಪಾಯಿ, ಬಿಪಿಎಲ್ ಕಾರ್ಡಿನವರಿಗೆ ಅದೂ ಇಲ್ಲ. ಉತ್ತರಕ್ಕೆ 30 ದಿನ. ಕರ್ನಾಟಕದಲ್ಲಿ ಒಂದು ಅರ್ಜಿಗೆ ಒಂದೇ ವಿಷಯ, 150 ಪದದ ಮಿತಿ. "ಯಾಕೆ ಕೆಲಸ ಮಾಡಿಲ್ಲ" ಅಂತ ಕೇಳಿದರೆ ಉತ್ತರ ಬರುವುದಿಲ್ಲ, ಅದು ಮಾಹಿತಿಯಲ್ಲ. ದಾಖಲೆ ಕೇಳಿ: ಕಳೆದ ಆರು ತಿಂಗಳಲ್ಲಿ ಈ ವಾರ್ಡ್‌ನಲ್ಲಿ ಲಾರ್ವಾ ಸಮೀಕ್ಷೆ ನಡೆದ ದಿನಾಂಕಗಳು, ನೋಡಿದ ಮನೆ, ಮರಿ ಸಿಕ್ಕ ಮನೆ, ಕೊಟ್ಟ ನೋಟಿಸ್, ವಸೂಲಾದ ದಂಡ. ನೀವು ಮಾಡಿದ ಪಟ್ಟಿಯ ಪಕ್ಕದಲ್ಲಿ ಅದನ್ನಿಟ್ಟು ನೋಡಿ. ಎರಡರ ನಡುವಿನ ವ್ಯತ್ಯಾಸವೇ ನಿಮ್ಮ ಮುಂದಿನ ಅರ್ಜಿ.

ಹಂತ 9: ಬಜೆಟ್‌ಗೆ ಮುಂಚೆ ಹೋಗಿ

ಬೀದಿಯ ಕೆಲಸ ಅರ್ಜಿಯಿಂದ ಆಗುತ್ತದೆ. ಆದರೆ ವಾರ್ಡ್‌ಗೆ ಇನ್ನೊಬ್ಬ ಇನ್‌ಸ್ಪೆಕ್ಟರ್, ನಮ್ಮ ಕ್ಲಿನಿಕ್‌ಗೆ ಸಂಜೆ ಸಮಯ, ಲಾರ್ವಾ ಸಮೀಕ್ಷೆಗೆ ಹೆಚ್ಚು ಜನ, ಇವೆಲ್ಲ ದುಡ್ಡಿನ ಮಾತು. ಲೆಕ್ಕದ ವರ್ಷ ಏಪ್ರಿಲ್‌ಗೆ ಶುರು. ಜೂನ್‌ನಲ್ಲಿ ಜ್ವರ ಬಂದಾಗ ಕೇಳಿದರೆ "ಈ ವರ್ಷ ಅನುದಾನವಿಲ್ಲ" ಅನ್ನುವುದು ಸುಳ್ಳಲ್ಲ. ಡಿಸೆಂಬರ್‌ನೊಳಗೆ ಬೇಡಿಕೆ ಕೊಡಿ. ಮಳೆಗಾಲದ ನಿಮ್ಮ ಅಂಕಿಗಳನ್ನು ಜೊತೆಗೆ ಲಗತ್ತಿಸಿ. ಒಂದು ಸಂಘದ ಬದಲು ಅಕ್ಕಪಕ್ಕದ ನಾಲ್ಕು ಸಂಘ, ಒಂದು ಮಹಿಳಾ ಆರೋಗ್ಯ ಸಮಿತಿ, ಒಂದು ಶಾಲೆ ಸೇರಿ ಸಹಿ ಹಾಕಿದರೆ ತೂಕ ಬೇರೆ. ಎಂಒಎಚ್‌ಗೂ ಇದು ಬೇಕು. ಮೇಲಿನವರ ಮುಂದೆ ತಾವೇ ಕೇಳಲಾಗದ್ದನ್ನು ನಿಮ್ಮ ಬಾಯಿಂದ ಹೇಳಿಸಲು ಅವರಿಗೆ ಖುಷಿಯೇ.

1898ರಲ್ಲಿ ಪ್ಲೇಗ್ ಬಂದಾಗ ಈ ಊರು ಬರೀ ಔಷಧಿಯ ಬಗ್ಗೆ ಯೋಚಿಸಲಿಲ್ಲ. ಇಕ್ಕಟ್ಟಿನ ಪೇಟೆಯಿಂದ ಜನರನ್ನು ಹೊರಗೆ ತರಲು ಮಲ್ಲೇಶ್ವರ, ಬಸವನಗುಡಿ ಬಡಾವಣೆಗಳನ್ನೇ ಬೆಳೆಸಿತು. ಅಗಲ ರಸ್ತೆ, ಮನೆಗಳ ಹಿಂದೆ ಕಸ ಸಾಗಿಸುವ ಕನ್ಸರ್ವೆನ್ಸಿ ಓಣಿ ಎಲ್ಲ ಆಗಿನ ಆರೋಗ್ಯ ನೀತಿಯೇ. ಬಜೆಟ್ ಸಭೆಯಲ್ಲಿ "ಮೋರಿಗೂ ಆರೋಗ್ಯ ವಿಭಾಗಕ್ಕೂ ಏನ್ರೀ ಸಂಬಂಧ" ಅಂತ ಯಾರಾದರೂ ಕೇಳಿದರೆ ಈ ಉದಾಹರಣೆ ಕೊಡಿ.

ಕೊನೆಗೆ ವರ್ಗಾವಣೆ ವಿಷಯ. ನಿಮ್ಮ ಮಾತು ಕೇಳುವ ಅಧಿಕಾರಿ ಹೆಚ್ಚು ದಿನ ಅಲ್ಲೇ ಇರುತ್ತಾರೆ ಅಂತ ಎಣಿಸಬೇಡಿ. ಹೊಸಬರು ಬಂದ ವಾರದಲ್ಲೇ ಹೋಗಿ ಪರಿಚಯ ಮಾಡಿಕೊಳ್ಳಿ. ಅರ್ಜಿಗಳು, ನಡಾವಳಿ, ಮಾಹಿತಿ ಹಕ್ಕಿನ ಉತ್ತರ, ಲಾರ್ವಾ ಪಟ್ಟಿ ಎಲ್ಲದರ ಪ್ರತಿ ಒಂದೇ ಫೈಲಿನಲ್ಲಿ ಇಟ್ಟು ಅವರಿಗೊಂದು ಕೊಡಿ. ಮೂಲ ಪ್ರತಿ ಸಂಘದ ಬೀರುವಿನಲ್ಲಿರಲಿ, ಕಾರ್ಯದರ್ಶಿಯ ಮನೆಯಲ್ಲಿ ಬೇಡ. ಅವರೂ ಮನೆ ಬದಲಾಯಿಸುತ್ತಾರೆ.